ಕಂಪನಿಯ ಕುಲಕರ್ಣಿ

ನಿಮ್ಮ ಸಂಬಳ ಎಷ್ಟು ಅಂತ ಆಫೀಸಿನಲ್ಲಿ ಯಾರ್ಯಾರಿಗೆ ಗೊತ್ತು? ಒಮ್ಮೆ ಬೆರಳು ಮಡಚಿ ಎಣಿಸಿ ನೋಡಿ. ಮ್ಯಾನೇಜರ್, ಎಚ್‌ಆರ್‌ನವರು, ಫೈನಾನ್ಸ್‌ನಲ್ಲಿ ಒಂದಿಬ್ಬರು, ಬಹಳ ಅಂದ್ರೆ ಆಡಿಟರ್. ಹೆಚ್ಚಿನವರ ಲೆಕ್ಕ ಇಲ್ಲಿಗೆ ಮುಗಿಯುತ್ತದೆ. ಆದರೆ ಈ ಪಟ್ಟಿಗೆ ಯಾರೂ ಸೇರಿಸದ ಇನ್ನೊಬ್ಬ ಇರುತ್ತಾನೆ. ಆ ಸಂಬಳದ ಲೆಕ್ಕ ಕೂತಿರುವ ಡೇಟಾಬೇಸ್ ನೋಡಿಕೊಳ್ಳುವವನು. ನಡುರಾತ್ರಿ ಸರ್ವರ್ ಮಲಗಿದರೆ ತಾನು ಎದ್ದು ಅದನ್ನು ಎಬ್ಬಿಸುವವನು, ದಿನಾ ಬ್ಯಾಕ್‌ಅಪ್ ತೆಗೆದಿಡುವವನು.

ನಾನು ಅಂಥ ಒಬ್ಬ. ಊರು ಗಲಗಲಿ, ಕೃಷ್ಣೆಯ ದಂಡೆ. ಬಾಗಲಕೋಟೆಯಲ್ಲಿ ಬಿಇ ಮುಗಿಸಿ ಬೆಂಗಳೂರಿಗೆ ಬಂದು ಹನ್ನೆರಡು ವರ್ಷ ಆಯಿತು. ನಮ್ಮ ಕಂಪನಿ ಬೇರೆ ಕಂಪನಿಗಳ ಪೇರೋಲ್ ನಡೆಸಿಕೊಡುತ್ತದೆ. ಹತ್ತಾರು ಕಂಪನಿಗಳ ನೌಕರರ ಸಂಬಳ, ಪ್ಯಾನ್ ನಂಬರ್, ಬ್ಯಾಂಕ್ ಖಾತೆ, ಯಾರು ಪಿಎಫ್ ತೆಗೆದರು, ಯಾರು ಎಷ್ಟು ದಿನ ರಜೆ ಹಾಕಿದರು, ಎಲ್ಲವೂ ನನ್ನ ಒಂದು ಲಾಗಿನ್ ಆಚೆ ಇದೆ. ಒಬ್ಬ ಸಿಇಒಗೆ ತನ್ನ ಕಂಪನಿಯವರ ಸಂಬಳ ಮಾತ್ರ ಕಾಣುತ್ತದೆ. ನನಗೆ ಹತ್ತಾರು ಸಿಇಒಗಳ ಸಂಬಳ ಕಾಣುತ್ತದೆ. ಮೀಟಿಂಗಿನಲ್ಲಿ ನನ್ನ ಮಾತು ಯಾರೂ ಕೇಳುವುದಿಲ್ಲ, ಅದು ಬೇರೆ.

ಇಂಥವರನ್ನು ಹೇಗೆ ನಂಬುವುದು ಅನ್ನುವುದು ಕಂಪನಿಗಳ ಹಳೆಯ ತಲೆನೋವು. ಇದಕ್ಕೆ ಎರಡು ಉತ್ತರ ಚಾಲ್ತಿಯಲ್ಲಿವೆ. ಮೊದಲನೆಯದು: ಒಳ್ಳೆಯವರನ್ನು ಆರಿಸಿ, ಬ್ಯಾಕ್‌ಗ್ರೌಂಡ್ ಚೆಕ್ ಮಾಡಿಸಿ, ಆಮೇಲೆ ನಂಬಿಬಿಡಿ. ಎರಡನೆಯದು: ಯಾರನ್ನೂ ನಂಬಬೇಡಿ, ಎಲ್ಲರೂ ಒಂದಲ್ಲ ಒಂದು ದಿನ ಕದಿಯುತ್ತಾರೆ ಅಂತಲೇ ಇಟ್ಟುಕೊಳ್ಳಿ. ಈ ಎರಡೂ ನನಗೆ ಒಪ್ಪಿಗೆ ಆಗಿಲ್ಲ. ಯಾಕೆ ಅಂತ ಹೇಳಲು ಮೊದಲು ಊರಿನ ದಫ್ತರದಿಂದ ಶುರು ಮಾಡಬೇಕು.

ನಮ್ಮ ಕಡೆ, ಅಂದ್ರೆ ಹಳೇ ಮುಂಬಯಿ ಪ್ರಾಂತದಲ್ಲಿ, ಊರಿನ ಹೊಲಗಳ ಲೆಕ್ಕ ಬರೆಯುವವನು ಕುಲಕರ್ಣಿ. ಮೈಸೂರು ಕಡೆ ಶಾನಭೋಗ ಅಂತಾರೆ. ಅದು ವಂಶಪಾರಂಪರ್ಯ ಹುದ್ದೆ, ಅಪ್ಪನಿಂದ ಮಗನಿಗೆ ದಫ್ತರ ಬರುತ್ತಿತ್ತು. ಮುಂದೆ ಕಾಯ್ದೆ ಮಾಡಿ ಈ ಗ್ರಾಮ ಹುದ್ದೆಗಳನ್ನು ರದ್ದು ಮಾಡಿದರು. ಕುಲಕರ್ಣಿಯ ಜಾಗಕ್ಕೆ ಸರ್ಕಾರಿ ಪಗಾರದ ತಲಾಟಿ ಬಂದ. ದಫ್ತರ ಮಾತ್ರ ಅದೇ ಥರ ಒಬ್ಬನ ಕೈಯಲ್ಲೇ ಉಳಿಯಿತು. ಯಾರ ಹೊಲ ಎಷ್ಟು ಗುಂಟೆ, ಯಾರ ಹೆಸರಿಗೆ ಬೋಜಾ ಇದೆ, ಅಣ್ಣ ತಮ್ಮಂದಿರಲ್ಲಿ ಯಾರ ಪಾಲು ಎಷ್ಟು, ಎಲ್ಲಾ ಕೈಬರಹದ ಉತಾರದಲ್ಲಿ. ನೀವು ಪಹಣಿ ಅಂತ ಕರೆಯುವುದನ್ನೇ ನಾವು ಉತಾರ ಅನ್ನುತ್ತೇವೆ. ಅದನ್ನು ಬರೆಯುವವನೂ ಅವನೇ, ತಿದ್ದುವವನೂ ಅವನೇ, ಕಾಯುವವನೂ ಅವನೇ. ಯಾವಾಗ ಯಾರು ತಿದ್ದಿದರು ಅಂತ ಕಾಗದ ತಾನಾಗಿ ಹೇಳುವುದಿಲ್ಲ.

2000ದ ಸುಮಾರಿಗೆ ಕರ್ನಾಟಕ ಸರ್ಕಾರ ‘ಭೂಮಿ’ ಯೋಜನೆ ತಂದಿತು. ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಬಂದವು. ಅಲ್ಲಿಯವರೆಗೆ ಅವು ಸುಮಾರು 9 ಸಾವಿರ ಗ್ರಾಮ ಲೆಕ್ಕಿಗರ ಕೈಯಲ್ಲಿದ್ದವು. ಕೈಬರಹದ ಪಹಣಿಗೆ ಬೆಲೆ ಇಲ್ಲ ಅಂತಾಯಿತು. ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿ ಕೊಟ್ಟರೆ ಪ್ರಿಂಟ್ ಸಿಗುತ್ತಿತ್ತು. ನಮ್ಮ ಕಸುಬಿನವರು ಗಮನಿಸಬೇಕಾದ ವಿಷಯ ಇನ್ನೊಂದಿದೆ. ‘ಭೂಮಿ’ಯಲ್ಲಿ ಒಳಗೆ ಹೋಗಲು ಬೆರಳಚ್ಚು ಕೊಡಬೇಕಿತ್ತು. ಯಾವ ಬದಲಾವಣೆ ಯಾರ ಬೆರಳಿನಿಂದ ಆಯಿತು ಅನ್ನುವುದು ದಾಖಲಾಗುತ್ತಿತ್ತು. ಕಾಗದಕ್ಕೆ ಇರದಿದ್ದ ನೆನಪು ಕಂಪ್ಯೂಟರಿಗೆ ಬಂತು. ಹಾಗಂತ ಉತಾರದ ತಂಟೆಗಳು ನಿಂತವು ಅಂತಲ್ಲ. ಬೆರಳು ಕೊಟ್ಟು ಕೆಲಸ ಮಾಡುವವನೂ ಮನುಷ್ಯನೇ ತಾನೆ.

ಇದನ್ನು ಎಲ್ಲರೂ ‘ಕೆಟ್ಟ ತಲಾಟಿಗೆ ಕಡಿವಾಣ ಬಿತ್ತು’ ಅಂತ ಹೇಳುತ್ತಾರೆ. ನನಗೆ ಒಳ್ಳೆಯ ತಲಾಟಿಯ ಚಿಂತೆ. ಅಂಥವರು ಇದ್ದರು. ಒಂದು ಸಾಲನ್ನೂ ತಪ್ಪು ಬರೆಯದೆ ಮೂವತ್ತು ವರ್ಷ ನೌಕರಿ ಮಾಡಿದವನ ಮೇಲೂ ಊರಲ್ಲಿ ಗುಸುಗುಸು ಇರುತ್ತಿತ್ತು. ಪಾಲು ಕಡಿಮೆ ಬಂದ ತಮ್ಮ ಕಟ್ಟೆಯ ಮೇಲೆ ಕೂತು ‘ಅವನ ಕೈ ಬೆಚ್ಚಗ ಮಾಡಿರಬೇಕು’ ಅಂದರೆ ಮುಗಿಯಿತು. ತಾನು ತಿದ್ದಿಲ್ಲ ಅಂತ ತೋರಿಸಲು ಆ ಪ್ರಾಮಾಣಿಕನ ಹತ್ತಿರ ತನ್ನ ಬಾಯಿ ಬಿಟ್ಟರೆ ಬೇರೆ ಸಾಕ್ಷಿ ಇರುತ್ತಿರಲಿಲ್ಲ.

ಈಗ ಬೆಂಗಳೂರಿಗೆ ಬನ್ನಿ. ಐಟಿ-ಬಿಪಿಒ ಬೆಳೆದ ಕಾಲದಲ್ಲಿ ಇದೇ ಪ್ರಶ್ನೆ ಹೊಸ ವೇಷದಲ್ಲಿ ಎದ್ದಿತ್ತು. 2005ರಲ್ಲಿ ಪುಣೆಯ ಎಂಫಸಿಸ್ ಬಿಪಿಒದಲ್ಲಿ ಇದ್ದ ಕೆಲವರು ಸಿಟಿಬ್ಯಾಂಕಿನ ಅಮೆರಿಕದ ಗ್ರಾಹಕರಿಂದ ಪಿನ್ ಪಡೆದು ಸುಮಾರು 3.5 ಲಕ್ಷ ಡಾಲರ್ ಎತ್ತಿದ ಪ್ರಕರಣ ಹೊರಬಂತು. 2006ರ ಜನವರಿಯಲ್ಲಿ ನಾಸ್ಕಾಮ್ ‘ನ್ಯಾಷನಲ್ ಸ್ಕಿಲ್ಸ್ ರಿಜಿಸ್ಟ್ರಿ’ ಶುರು ಮಾಡಿತು. ಬೆರಳಚ್ಚು, ಫೋಟೋ, ಓದು, ಹಿಂದಿನ ಕೆಲಸ, ಎಲ್ಲಾ ಪರಿಶೀಲಿಸಿದ ನೌಕರರ ಪಟ್ಟಿ ಅದು. ಒಳ್ಳೆಯವರನ್ನು ಆರಿಸಿ ನಂಬುವ ದಾರಿ. ಅದೇ ವರ್ಷ ಜೂನ್‌ನಲ್ಲಿ ಬೆಂಗಳೂರಿನ ಎಚ್‌ಎಸ್‌ಬಿಸಿ ಕೇಂದ್ರದ ಒಬ್ಬ ಉದ್ಯೋಗಿಯ ಬಂಧನ ಆಯಿತು. ಬ್ರಿಟನ್ನಿನ ಗ್ರಾಹಕರ ವಿವರ ಹೊರಗೆ ದಾಟಿಸಿದ ಆರೋಪ, ಹೋದ ಹಣ ಸುಮಾರು 2,33,000 ಪೌಂಡ್. ಆಮೇಲೆ ಐಟಿ ಕಾಯ್ದೆಗೆ 2008ರಲ್ಲಿ ತಿದ್ದುಪಡಿ ಆಗಿ 72ಎ ಕಲಮು ಸೇರಿತು. ಕೆಲಸದ ಮೇಲೆ ಕೈಗೆ ಬಂದ ಖಾಸಗಿ ಮಾಹಿತಿಯನ್ನು ಲಾಭಕ್ಕೋ ಹಾನಿ ಮಾಡಲೋ ಹೊರಗೆ ಕೊಟ್ಟರೆ ಮೂರು ವರ್ಷದವರೆಗೆ ಜೈಲು, ಇಲ್ಲವೇ ದಂಡ (ಆಗ ಅದು 5 ಲಕ್ಷದವರೆಗೆ ಇತ್ತು), ಇಲ್ಲವೇ ಎರಡೂ.

ಗುಣ ನೋಡಿ ಆರಿಸಿದರೂ, ಶಿಕ್ಷೆ ತೋರಿಸಿ ಹೆದರಿಸಿದರೂ ಒಂದು ಪ್ರಶ್ನೆ ಹಾಗೇ ಉಳಿಯುತ್ತದೆ. ಏನಾದರೂ ಸೋರಿದ ದಿನ, ಕದಿಯದವನು ತಾನು ಕದ್ದಿಲ್ಲ ಅಂತ ಹೇಗೆ ತೋರಿಸಬೇಕು?

ಇದು ಪುಸ್ತಕದ ಪ್ರಶ್ನೆ ಅಲ್ಲ. ಹಿಂದೆ ನಾನಿದ್ದ ಒಂದು ಕಂಪನಿಯಲ್ಲಿ, ಹೆಸರು ಬೇಡ, ಪ್ರೊಡಕ್ಷನ್ ಡೇಟಾಬೇಸ್ ನೋಡಿಕೊಳ್ಳುವವರು ನಾವು ನಾಲ್ವರಿದ್ದೆವು. ನಾಲ್ವರಿಗೂ ಸೇರಿ ಒಂದೇ ಲಾಗಿನ್, ‘ಅಡ್ಮಿನ್’. ಬೇರೆ ಬೇರೆ ಲಾಗಿನ್ ಮಾಡಿಕೊಡಿ ಅಂತ ಕೇಳಿದಾಗ ಮ್ಯಾನೇಜರ್ ನಕ್ಕು, “ನಾವೆಲ್ಲಾ ಫ್ಯಾಮಿಲಿ ಥರ ಅಲ್ವಾ, ಅದೆಲ್ಲಾ ಯಾಕೆ” ಅಂದಿದ್ದರು. ಒಂದು ಸೋಮವಾರ ಬೆಳಿಗ್ಗೆ ಎಲ್ಲರ ಸಂಬಳದ ಶೀಟ್ ವಾಟ್ಸಾಪ್ ಗ್ರೂಪುಗಳಲ್ಲಿ ಓಡಾಡುತ್ತಿತ್ತು. ಲಾಗ್ ತೆಗೆದು ನೋಡಿದರೆ ಶನಿವಾರ ರಾತ್ರಿ ಯಾರೋ ಆ ಟೇಬಲ್ ಪೂರ್ತಿ ಇಳಿಸಿಕೊಂಡಿದ್ದಾರೆ. ಯಾರು? ‘ಅಡ್ಮಿನ್’. ಅಂದ್ರೆ ನಾಲ್ವರಲ್ಲಿ ಯಾರಾದರೂ ಆಗಬಹುದು, ನಾಲ್ವರಿಂದ ಪಾಸ್‌ವರ್ಡ್ ತಿಳಿದ ಐದನೆಯವನೂ ಆಗಬಹುದು.

ನಾಲ್ವರಲ್ಲಿ ಒಬ್ಬ ಕಾಂಟ್ರಾಕ್ಟ್ ಮೇಲಿದ್ದ ಹುಡುಗ. ಸೇರಿ ಎಂಟು ತಿಂಗಳಾಗಿತ್ತು. ಎಚ್‌ಆರ್ ಕೋಣೆಯಿಂದ ಹೊರಬಂದವನು ನನ್ನ ಹತ್ತಿರ ಒಂದೇ ಮಾತು ಕೇಳಿದ: “ನಾನಲ್ಲ ಅಂತ ಹ್ಯಾಗೆ ತೋರಿಸ್ಲಿ ಹೇಳಿ ಸರ್?” ಉಳಿದ ಮೂವರೂ ಹೋಗಿ ಅವನ ಪರವಾಗಿ ಮಾತಾಡಿದೆವು. ಆ ಮಾತಿಗೆ ತೂಕ ಇರಲಿಲ್ಲ, ಯಾಕಂದ್ರೆ ಮೂವರೂ ಅದೇ ಅನುಮಾನದ ಪಟ್ಟಿಯಲ್ಲಿದ್ದೆವು. ಯಾರೂ ಅವನನ್ನು ಕಳ್ಳ ಅನ್ನಲಿಲ್ಲ. ತಿಂಗಳ ಕೊನೆಗೆ ಕಾಂಟ್ರಾಕ್ಟ್ ಮುಂದುವರಿಸಲಿಲ್ಲ, ಅಷ್ಟೇ. ಯಾರು ಮಾಡಿದ್ದು ಅಂತ ಇವತ್ತಿಗೂ ಗೊತ್ತಿಲ್ಲ.

‘ಫ್ಯಾಮಿಲಿ ಥರ’ ಅನ್ನುವ ನಂಬಿಕೆ ಆ ಹುಡುಗನಿಗೆ ಕೊಟ್ಟಿದ್ದೇನು? ಎಲ್ಲಾ ಚೆನ್ನಾಗಿದ್ದ ದಿನ ಒಂದು ಸಿಹಿ ಮಾತು. ಕೆಟ್ಟ ದಿನ ಬಂದಾಗ ಬರಿಗೈ. ಗುಟ್ಟಿನ ಕೀಲಿಕೈಯನ್ನು ಗುರುತಿಲ್ಲದೆ, ಸಾಕ್ಷಿ ಇಲ್ಲದೆ ಒಬ್ಬನ ಕೈಗೆ ಕೊಡುವುದು ನಂಬಿಕೆ ಅಂತ ನನಗೀಗ ಅನಿಸುವುದಿಲ್ಲ. ಅದು ಅವನ ತಲೆಯ ಮೇಲೆ ಹೊರಿಸಿದ ಹೊರೆ.

ಇನ್ನೂ ಒಂದು ಮಾತಿದೆ. ಕೀಲಿಕೈ ಇದ್ದವನು ಒಳ್ಳೆಯವನಾದರೂ ಕೀಲಿಕೈ ಬೇರೆಯವರ ಕೈಗೆ ಹೋಗಬಹುದು. 2025ರ ಜುಲೈನಲ್ಲಿ ಕ್ರಿಪ್ಟೋ ವ್ಯವಹಾರದ ಕಾಯಿನ್‌ಡಿಸಿಎಕ್ಸ್‌ನಿಂದ ಸುಮಾರು 379 ಕೋಟಿ ರೂಪಾಯಿ ಹೋಯಿತು. ಬೆಂಗಳೂರು ಪೊಲೀಸರು ಅದರ ಒಬ್ಬ ಎಂಜಿನಿಯರನ್ನು ಬಂಧಿಸಿದರು. ಅವನ ಆಫೀಸ್ ಲ್ಯಾಪ್‌ಟಾಪಿನ ಮೂಲಕ ಕಳ್ಳರು ಒಳಗೆ ಹೋಗಿದ್ದರು ಅನ್ನುವುದು ತನಿಖೆಯಲ್ಲಿ ಬಂದ ವಿಷಯ. ಕಳವಿನಲ್ಲಿ ತನ್ನ ಪಾಲಿಲ್ಲ ಅನ್ನುವುದು ಅವನ ಮಾತು. ನಿಜ ಏನು ಅಂತ ಕೋರ್ಟು ಹೇಳಲಿ. ‘ನಮ್ಮ ಹುಡುಗ ಬಂಗಾರದಂಥವನು’ ಅಂತ ಸರ್ಟಿಫಿಕೇಟ್ ಕೊಟ್ಟು ಕೂತರೆ ಇಂಥ ಕಳವು ನಿಲ್ಲುವುದಿಲ್ಲ, ಬಂಗಾರದಂಥ ಹುಡುಗನೂ ಉಳಿಯುವುದಿಲ್ಲ.

ಹಾಗಾದರೆ ತಪಾಸಣೆ ಅಂದ್ರೆ ಅವಮಾನ ಅಲ್ಲವೇ? ಆಫೀಸುಗಳಲ್ಲಿ ಇದೇ ದೊಡ್ಡ ತಕರಾರು. “ನನ್ನ ಮೇಲೆ ನಂಬಿಕೆ ಇಲ್ವಾ?” ಅಂತ ಸೀನಿಯರ್‌ಗಳು ಸಿಟ್ಟಾಗುತ್ತಾರೆ. ಇದಕ್ಕೆ ನಮ್ಮ ಕಬ್ಬಿನ ಸೀಮೆ ಒಂದು ಉತ್ತರ ಇಟ್ಟುಕೊಂಡಿದೆ. ಗಲಗಲಿ, ಮುಧೋಳ, ಜಮಖಂಡಿ ಕಡೆ ಹಂಗಾಮು ಶುರುವಾದರೆ ರಸ್ತೆ ತುಂಬ ಕಬ್ಬಿನ ಟ್ರ್ಯಾಕ್ಟರುಗಳು. ಕಾರ್ಖಾನೆಯ ಕಾಟಾದಲ್ಲಿ ತೂಕ ಸರಿ ಬರುತ್ತದೋ ಇಲ್ಲವೋ ಅನ್ನುವ ಸಂಶಯ ರೈತರಿಗೆ ಯಾವತ್ತೂ ಇದ್ದದ್ದೇ. ಅದಕ್ಕೆ ಕೆಲವರು ದಾರಿಯಲ್ಲಿ ಖಾಸಗಿ ಕಾಟಾದಲ್ಲಿ ಒಮ್ಮೆ ತೂಗಿಸಿ ಚೀಟಿ ಇಟ್ಟುಕೊಂಡು ಹೋಗುತ್ತಾರೆ. ಕಾಟಾದ ಮೇಲೆ ಕೆಲಸ ಮಾಡಿದ ಒಬ್ಬ ಹಿರಿಯರನ್ನು, “ನಿಮಗ ಬ್ಯಾಸರ ಆಗೂದಿಲ್ಲೇನ್ರಿ?” ಅಂತ ಕೇಳಿದ್ದೆ. “ಹೊರಗ ತೂಗಿಸಿಕೊಂಡು ಬಂದಾವನ ಕೂಡ ನಂದೇನೂ ಜಗಳ ಇಲ್ಲ ತಮ್ಮಾ. ಎರಡೂ ಚೀಟಿ ಹೊಂದಿದ್ರ ನಾನೂ ಆರಾಮ, ಅವನೂ ಆರಾಮ. ತೂಗಿಸದ ಬಂದು ಮನಸಿನ್ಯಾಗ ಸಂಶಯ ಇಟ್ಕೊಂಡು ಹೊಕ್ಕಾನಲ್ಲ, ಅವಂದs ತ್ರಾಸು” ಅಂದರು.

ದೇವಸ್ಥಾನದ ಹುಂಡಿ ಹತ್ತು ಜನರ ಎದುರಿಗೆ ಎಣಿಸುತ್ತಾರೆ, ಪೂಜಾರಿಗೆ ಅವಮಾನ ಆಯಿತು ಅಂತ ಯಾರೂ ಅನ್ನುವುದಿಲ್ಲ. ಬ್ಯಾಂಕಿನ ತಿಜೋರಿಗೆ ಎರಡು ಕೀಲಿಕೈ, ಎರಡೂ ಒಬ್ಬರ ಹತ್ತಿರ ಇರುವುದಿಲ್ಲ. ಕ್ಯಾಷಿಯರ್ ಅದಕ್ಕೆ ಬೇಜಾರು ಮಾಡಿಕೊಳ್ಳುವುದಿಲ್ಲ. ಕಂಪ್ಯೂಟರ್ ಮುಂದೆ ಕೂತವರಿಗೆ ಮಾತ್ರ ಯಾಕೆ ಮುನಿಸು?

ಆದರೆ ಇಲ್ಲಿ ಒಂದು ಗೆರೆ ಎಳೆಯಬೇಕು. ಹತ್ತು ನಿಮಿಷಕ್ಕೊಮ್ಮೆ ನೌಕರನ ಸ್ಕ್ರೀನ್ ಫೋಟೋ ತೆಗೆಯುವುದು, ಮೌಸ್ ಅಲ್ಲಾಡಿದೆಯೋ ಇಲ್ಲವೋ ಎಣಿಸುವುದು, ಕ್ಯಾಮೆರಾ ಆನ್ ಇಡು ಅನ್ನುವುದು, ಇವೆಲ್ಲ ಬೇರೆಯೇ ಜಾತಿಯವು. ಕಾಟಾದವನ ತೂಕ ಪರೀಕ್ಷಿಸಬಹುದು, ಅವನು ಎಷ್ಟು ಸಲ ಚಹಾ ಕುಡಿದ ಅಂತ ಬರೆದಿಡಬೇಕಿಲ್ಲ. ಗುಟ್ಟಿನ ಟೇಬಲ್ ಯಾರು, ಯಾವಾಗ, ಯಾವ ಟಿಕೆಟ್ ಮೇಲೆ ತೆರೆದರು ಅನ್ನುವುದು ದಾಖಲಾಗಲಿ. ಆ ದಾಖಲೆಯನ್ನು ಅಡ್ಮಿನ್ ಕೂಡ ಅಳಿಸಲು ಆಗದ ಜಾಗದಲ್ಲಿ ಇಡಲಿ. ಇದೆಲ್ಲಾ ಇದೆ ಅಂತ ಕೆಲಸಕ್ಕೆ ಸೇರಿದ ದಿನವೇ ಬಾಯಿಬಿಟ್ಟು ಹೇಳಲಿ. ಎದುರಿಗೆ ನಂಬಿದ್ದೇವೆ ಅಂದು ಹಿಂದಿನಿಂದ ಅನುಮಾನ ಪಡುವುದೇ ನಿಜವಾದ ಅವಮಾನ.

ಇಷ್ಟೆಲ್ಲಾ ವ್ಯವಸ್ಥೆ ಮಾಡಿದ ಮೇಲೂ ಒಂದು ಮೂಲೆ ಖಾಲಿ ಉಳಿಯುತ್ತದೆ. ಅದು ಬರೀ ನೋಡುವುದು. ಏನನ್ನೂ ಒಯ್ಯದೆ, ಯಾರಿಗೂ ಕಳಿಸದೆ, ಸುಮ್ಮನೆ ಒಮ್ಮೆ ನೋಡಿಬಿಡುವುದು.

ಎರಡು ವರ್ಷದ ಹಿಂದೆ ಊರಿಂದ ನಮ್ಮ ಕಾಕಾ ಫೋನ್ ಮಾಡಿದರು. ಮಗಳಿಗೆ ಗಂಡು ನೋಡಿದ್ದರು, ಹುಡುಗ ಬೆಂಗಳೂರಿನ ಒಂದು ಕಂಪನಿಯಲ್ಲಿ ಇದ್ದ. ಕಂಪನಿ ಹೆಸರು ಕೇಳಿದ ಕೂಡಲೇ ನನಗೆ ಮುಂದಿನ ಮಾತು ಗೊತ್ತಾಯಿತು. ಅದು ನಮ್ಮ ಗಿರಾಕಿ ಕಂಪನಿ.

“ಅಲ್ಲೋ ತಮ್ಮಾ, ಅವರ ಪಗಾರದ ಲೆಕ್ಕ ನೀವs ಮಾಡ್ತೀರಂತಲ್ಲ. ಹುಡುಗ ತಿಂಗಳಿಗೆ ಒಂದು ಲಕ್ಷ ಅಂತಾನ. ಖರೇ ಐತೇನ ನೋಡಿ ಹೇಳು.”

“ಅದು ನೋಡಾಕ ಬರೂದಿಲ್ರಿ ಕಾಕಾ.”

“ಯಾಕ, ಕಾಣಂಗಿಲ್ಲೇನು?”

“ಕಾಣ್ತೈತ್ರಿ. ನೋಡಬಾರದು.”

ಸ್ವಲ್ಪ ಹೊತ್ತು ಸುಮ್ಮನಿದ್ದು ಕಾಕಾ ಹೇಳಿದ ಮಾತು ಹಗುರಾದದ್ದಲ್ಲ. ನಮ್ಮ ಬಳಗದಲ್ಲೇ ಒಬ್ಬಳ ಮದುವೆ ಇಂಥದ್ದೇ ಸುಳ್ಳು ಪಗಾರದ ಮೇಲೆ ಆಗಿ, ಆ ಹುಡುಗಿ ಸಾಲದಲ್ಲಿ ಮುಳುಗಿದ ಮನೆ ಸೇರಿದ್ದು ಇಬ್ಬರಿಗೂ ಗೊತ್ತಿತ್ತು. “ಯಾವನೋ ಗುರ್ತಿಲ್ಲದಾವನ ಗುಟ್ಟು ಕಾಯ್ತಿ. ಮನಿ ಹುಡಿಗಿ ಬಾಳೇ ಕಾಯಂಗಿಲ್ಲ, ಹೌದಿಲ್ಲೋ?”

ಈ ಪ್ರಶ್ನೆಗೆ ಲಾಗು, ಪಾಲಿಸಿ, 72ಎ ಯಾವುದೂ ಉತ್ತರ ಅಲ್ಲ. ನಾನು ದಿನಕ್ಕೆ ಹತ್ತು ಸಲ ಆ ಟೇಬಲ್ ತೆರೆಯುತ್ತೇನೆ, ಅದು ನನ್ನ ಕೆಲಸ. ನೂರು ಸಾಲಿನ ನಡುವೆ ಒಂದು ಸಾಲಿನ ಮೇಲೆ ಕಣ್ಣು ಎರಡು ಸೆಕೆಂಡ್ ಹೆಚ್ಚು ನಿಂತರೆ ಯಾವ ಲಾಗ್ ಹಿಡಿಯುತ್ತದೆ? ಯಾರಿಗೂ ನಷ್ಟ ಇಲ್ಲ, ಒಬ್ಬಳಿಗೆ ಲಾಭ ಇದ್ದರೂ ಇರಬಹುದು. ಆದರೂ ತಪ್ಪು ಹೇಗೆ?

ನನಗೆ ಹೊಳೆದ ಉತ್ತರ ಇಷ್ಟು. ಆ ಹುಡುಗ ತನ್ನ ಸಂಬಳದ ವಿಷಯವನ್ನು ನನಗೆ ಹೇಳಿಲ್ಲ. ಸಂಬಳ ಬರಲಿ ಅಂತ ತನ್ನ ಕಂಪನಿಗೆ ಕೊಟ್ಟ, ಕಂಪನಿ ಅದೇ ಕೆಲಸಕ್ಕೆ ನಮಗೆ ಕೊಟ್ಟಿತು. ಮಾಹಿತಿಯ ಜೊತೆಗೆ ಅದರ ಕಾರಣವೂ ಬಂದಿರುತ್ತದೆ. ಕಾರಣ ಬಿಟ್ಟು ಮಾಹಿತಿ ಮಾತ್ರ ಬಳಸಿದರೆ ಅದು ಒಬ್ಬನ ಹೊಲವನ್ನು ಕೋರಿಗೆ ಪಡೆದು ಇನ್ನೊಬ್ಬನಿಗೆ ಮಾರಿದ ಹಾಗೆ. 2017ರ ಆಗಸ್ಟ್ 24ರಂದು ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಹೇಳಿತಲ್ಲ, ಆ ಕೇಸ್ ಹಾಕಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ತನ್ನ ಬಗ್ಗೆ ಯಾರಿಗೆ ಏನು ಗೊತ್ತಿರಬೇಕು ಅಂತ ನಿರ್ಧರಿಸುವ ಹಕ್ಕು ಮನುಷ್ಯನಿಗೇ ಇದೆ ಅನ್ನುವುದು ಆ ತೀರ್ಪಿನ ತಿರುಳುಗಳಲ್ಲಿ ಒಂದು. ಅದು ಸುಳ್ಳು ಹೇಳುವ ಹುಡುಗನಿಗೂ ಇರುವ ಹಕ್ಕು.

“ಕಾಕಾ, ಹುಡುಗನ್ನs ಕೇಳ್ರಿ. ಸ್ಯಾಲರಿ ಸ್ಲಿಪ್ ತೋರಸಪಾ ಅನ್ರಿ. ಮಗಳ ಕೊಡಾವ್ರು ಕೇಳೂದ್ರಾಗ ತಪ್ಪಿಲ್ಲ” ಅಂದೆ. “ಹಂಗ ಕೇಳಿದ್ರ ಅವರಿಗೆ ಅಪಮಾನ ಆಗ್ತೈತಿ” ಅಂದರು ಕಾಕಾ. ಎದುರಿಗೆ ಕೇಳುವುದು ಅಪಮಾನ, ಕದ್ದು ನೋಡುವುದು ಅಲ್ಲ! ‘ಫ್ಯಾಮಿಲಿ ಥರ’ ಅಂದ ಆ ಮ್ಯಾನೇಜರ್ ಮತ್ತು ನಮ್ಮ ಕಾಕಾ ಒಂದೇ ಶಾಲೆಯಲ್ಲಿ ಓದಿದವರು ಅನಿಸಿತು. ಕಾಕಾ ನಾಲ್ಕೈದು ತಿಂಗಳು ನನ್ನ ಜೊತೆ ಮಾತು ಬಿಟ್ಟರು. ಆ ಸಂಬಂಧ ಕೂಡಲಿಲ್ಲ, ಕಾರಣ ಜಾತಕ. ಹುಡುಗನ ಪಗಾರ ಒಂದು ಲಕ್ಷ ಇತ್ತೋ ಇಲ್ಲವೋ ನನಗೆ ಈಗಲೂ ಗೊತ್ತಿಲ್ಲ.

ನೋಡುವ ಚಪಲ ನಮ್ಮ ಊರಿನವರದು ಮಾತ್ರ ಅಲ್ಲ. ಅಮೆರಿಕದ ಎನ್‌ಎಸ್‌ಎ ಅಂದ್ರೆ ಜಗತ್ತಿನ ಭಾರೀ ಕಾವಲಿನ ಗುಪ್ತಚರ ಸಂಸ್ಥೆ. 2013ರಲ್ಲಿ ಅದರ ಸಿಸ್ಟಂ ಅಡ್ಮಿನ್ ಆಗಿದ್ದ ಗುತ್ತಿಗೆ ನೌಕರ ಎಡ್ವರ್ಡ್ ಸ್ನೋಡೆನ್ ಕಡತಗಳನ್ನು ಹೊರಗೆ ತಂದ ಮೇಲೆ, ಅಡ್ಮಿನ್‌ಗಳ ಸಂಖ್ಯೆಯನ್ನು ಶೇ. 90ರಷ್ಟು ಇಳಿಸುತ್ತೇವೆ ಅಂತ ಅದರ ಮುಖ್ಯಸ್ಥರು ಹೇಳಿದರು. ಅದೇ ವರ್ಷ ಆ ಸಂಸ್ಥೆ ಸಂಸತ್ತಿಗೆ ಒಪ್ಪಿಸಿದ ಇನ್ನೊಂದು ವಿಷಯ ಇದೆ: 2003ರಿಂದ ಈಚೆಗೆ ನೌಕರರು ಬೇಕೆಂದೇ ಅಧಿಕಾರ ದುರುಪಯೋಗ ಮಾಡಿದ 12 ಪ್ರಕರಣಗಳು. ಹೆಚ್ಚಿನವು ಹೆಂಡತಿ, ಗಂಡ, ಗೆಳತಿಯರ ಫೋನ್ ನಂಬರ್ ಹಾಕಿ ನೋಡಿದ್ದು. ಕೆಲವು ಬಯಲಾಗಿದ್ದು ಅವರೇ ಬಾಯಿಬಿಟ್ಟಾಗ. ಅಂಥ ಕೋಟೆಯಲ್ಲೂ ಕೊನೆಗೆ ಉಳಿದದ್ದು ಕೂತವನ ಮನಸ್ಸು.

ಅದಕ್ಕೆ ನನ್ನ ಮಟ್ಟಿಗೆ ಕೆಲಸ ಎರಡು ಪಾಲಾಗುತ್ತದೆ. ಒಯ್ಯುವುದನ್ನು ತಡೆಯುವುದು, ಒಯ್ಯದವನನ್ನು ಕಾಪಾಡುವುದು ಕಂಪನಿಯ ಪಾಲು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ ಭದ್ರತೆ ಇಡದ ಸಂಸ್ಥೆಗೇ 250 ಕೋಟಿ ರೂಪಾಯಿವರೆಗೆ ದಂಡ ಹಾಕುತ್ತದೆ, ನೌಕರನ ತಲೆಗೆ ಕಟ್ಟಿ ಕೈ ತೊಳೆಯಲು ಬಿಡುವುದಿಲ್ಲ. ನೋಡದೆ ಇರುವುದು ನನ್ನ ಪಾಲು. ಅದನ್ನು ಯಾವ ಸಾಫ್ಟ್‌ವೇರಿಗೂ ವಹಿಸಲು ಆಗುವುದಿಲ್ಲ. ಮೊದಲ ಪಾಲು ಗಟ್ಟಿ ಇದ್ದರೆ ಎರಡನೆಯದು ಹಗುರ ಆಗುತ್ತದೆ ಅನ್ನುವುದು ಅನುಭವ. ಟೆಸ್ಟ್ ಮಾಡಲು ನಿಜವಾದ ಹೆಸರು, ಸಂಬಳದ ಬದಲು ಮರೆಮಾಡಿದ ಡೇಟಾ ಕೊಟ್ಟರೆ ಚಪಲಕ್ಕೆ ಜಾಗವೇ ಇರುವುದಿಲ್ಲ. ಪ್ರೊಡಕ್ಷನ್ ತೆರೆಯಲು ಇನ್ನೊಬ್ಬರ ಒಪ್ಪಿಗೆ ಬೇಕು, ಎರಡು ತಾಸಿಗೆ ತಾನಾಗಿ ಮುಚ್ಚುತ್ತದೆ ಅಂತಿದ್ದರೆ, ಊರಿಂದ ಫೋನ್ ಬಂದಾಗ ಹೇಳಲು ಒಂದು ಸುಲಭದ ಉತ್ತರವೂ ಸಿಗುತ್ತದೆ.

ನಾಳೆ ಆಫೀಸಿಗೆ ಹೋದಾಗ ಒಂದು ಸಣ್ಣ ಕೆಲಸ ಮಾಡಿ. ನನ್ನ ಸಂಬಳ, ನನ್ನ ಮೆಡಿಕಲ್ ಬಿಲ್ ಯಾರ್ಯಾರು ನೋಡಬಹುದು, ನೋಡಿದರೆ ದಾಖಲಾಗುತ್ತದಾ ಅಂತ ಎಚ್‌ಆರ್‌ಗೆ ಒಂದು ಮೇಲ್ ಹಾಕಿ. ಕೇಳಿದರೆ ಯಾರಿಗೂ ಅಪಮಾನ ಆಗುವುದಿಲ್ಲ. ಇನ್ನು ನೀವು ನನ್ನಂತೆ ಕೀಲಿಕೈ ಇಟ್ಟುಕೊಂಡವರಾಗಿದ್ದು, ನಾಲ್ವರ ನಡುವೆ ಒಂದೇ ಪಾಸ್‌ವರ್ಡ್ ಇದ್ದರೆ, ನಿಮ್ಮ ಹೆಸರಿನದೇ ಬೇರೆ ಲಾಗಿನ್ ಬೇಕು ಅಂತ ಇವತ್ತೇ ಬರೆದು ಕೇಳಿ. ‘ಫ್ಯಾಮಿಲಿ ಥರ’ ಅಂತ ನಕ್ಕರೆ ಇನ್ನೊಮ್ಮೆ ಕೇಳಿ.